ಮಾಟುಂಗಾದ ಲಿನಕ್ಸ್ ಗುಂಪು: ಬೀಗದ ಕೈ ಯಾರ ಹತ್ತಿರ ಇತ್ತು?

ಪ್ರಶ್ನೆ: ನಾನು ಡೊಂಬಿವಲಿಯವನು, ಇಂಜಿನಿಯರಿಂಗ್ ಎರಡನೇ ವರ್ಷ. ಮುಂಬಯಿಯಲ್ಲಿ ಹಿಂದೆ ಲಿನಕ್ಸ್ ಯೂಸರ್ಸ್ ಗ್ರೂಪ್ ಅಂತ ಒಂದಿತ್ತು, ಭಾನುವಾರ ಎಲ್ಲರೂ ಸೇರುತ್ತಿದ್ದರು ಅಂತ ನನ್ನ ಸೋದರಮಾವ ಹೇಳುತ್ತಾರೆ. ಅಲ್ಲಿ ಏನು ಮಾಡುತ್ತಿದ್ದರು? ಎಲ್ಲವೂ ಯೂಟ್ಯೂಬಿನಲ್ಲೇ ಸಿಗುವ ಈ ಕಾಲದಲ್ಲಿ ಅಂಥ ಗುಂಪು ಬೇಕಾ? ನಮ್ಮ ಕನ್ನಡ ಸಂಘದ ಲೈಬ್ರರಿಯಲ್ಲಿ ಎಂಟು ಹಳೆ ಕಂಪ್ಯೂಟರ್ ಧೂಳು ಹಿಡಿದು ಕೂತಿವೆ. ನಾವು ಐದಾರು ಜನ ಅಲ್ಲೇ ಒಂದು ಗುಂಪು ಶುರು ಮಾಡಬಹುದಾ?

ಉತ್ತರ: ಮಾವ ಹೇಳಿದ್ದು ನಿಜ. ಗುಂಪು ಇತ್ತು, ಭಾನುವಾರ ಸೇರುತ್ತಿತ್ತು, ನಾನೂ ಹೋಗುತ್ತಿದ್ದೆ. ಮುಂದೆ ನಿಂತು ಮಾತಾಡುವವರ ಪೈಕಿ ಅಲ್ಲ, ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳುವವರ ಪೈಕಿ. ಆಮೇಲೆ ಅದೇ ಕಸುಬಾಯಿತು. ಇಪ್ಪತ್ತೈದು ವರ್ಷದಿಂದ ಬೇರೆಯವರ ಸರ್ವರ್ ನೋಡಿಕೊಂಡು ಬದುಕುತ್ತಿದ್ದೇನೆ.

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಶುರು ಮಾಡಬಹುದು. ಆದರೆ ಕಂಪ್ಯೂಟರ್ ಎಂಟು ಇವೆಯಾ ನಾಲ್ಕು ಇವೆಯಾ ಅನ್ನೋದು ದೊಡ್ಡ ವಿಷಯವಲ್ಲ. ಲೈಬ್ರರಿಯ ಬೀಗದ ಕೈ ಯಾರ ಹತ್ತಿರ ಇದೆ, ಅವರು ರಜೆ ದಿನ ಊರಲ್ಲಿ ಇರುತ್ತಾರಾ, ಅದನ್ನು ಮೊದಲು ವಿಚಾರಿಸಿ. ತಮಾಷೆ ಮಾಡುತ್ತಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಲಿನಕ್ಸ್ ಅಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ಅಂದರೆ ಆಪರೇಟಿಂಗ್ ಸಿಸ್ಟಮ್. ಅದು ಹುಟ್ಟಿದ್ದು 1991ರಲ್ಲಿ. ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್, ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ ಅಂತ ಲೋಕಕ್ಕೆ ತಿಳಿಸಿದ. ಲೋಕಕ್ಕೆ ಅಂದೆ, ಆದರೆ ನಮಗೆ ಆಗ ಆ ಲೋಕಕ್ಕೆ ಬಾಗಿಲೇ ಇರಲಿಲ್ಲ. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಖಾಸಗಿ ಕಂಪನಿಗಳಿಗೆ ಅವಕಾಶ ಸಿಕ್ಕಿದ್ದು 1998ರ ಕೊನೆಗೆ. ಅಲ್ಲಿವರೆಗೆ ನಮ್ಮಂಥ ವಿದ್ಯಾರ್ಥಿಗಳಿಗೆ ಇದ್ದದ್ದು ಶೆಲ್ ಅಕೌಂಟ್. ಕಪ್ಪು ಪರದೆ, ಬರೀ ಅಕ್ಷರ, ಚಿತ್ರ ಇಲ್ಲ.

ಒಂದು ಲೆಕ್ಕ ಮಾಡಿ ನೋಡಿ. ಒಂದು ಸಿಡಿ ಅಂದರೆ ಸುಮಾರು 650 ಎಂಬಿ. ಫೋನ್ ತಂತಿಯಲ್ಲಿ ನೆಟ್ ತರುವ ಪೆಟ್ಟಿಗೆಗೆ ಮೋಡೆಮ್ ಅನ್ನುತ್ತಿದ್ದೆವು. ಸೆಕೆಂಡಿಗೆ 28.8 ಕಿಲೋಬಿಟ್‌ನ ಮೋಡೆಮ್ ಪೂರ್ತಿ ವೇಗದಲ್ಲಿ ಓಡಿದರೂ ಅದು ಇಳಿಯೋಕೆ 52 ಗಂಟೆಗೂ ಹೆಚ್ಚು ಬೇಕು. ಎರಡು ಹಗಲು, ಎರಡು ರಾತ್ರಿ, ಅದರ ಮೇಲೆ ನಾಲ್ಕು ಗಂಟೆ. ಅಷ್ಟು ಹೊತ್ತು ಮನೆಯ ಫೋನ್ ಎಂಗೇಜ್, ಬಿಲ್ಲು ಮಿನಿಟು ಮಿನಿಟಿಗೆ ಏರುತ್ತಿರುತ್ತದೆ, ಒಮ್ಮೆ ಲೈನ್ ಕಡಿದರೆ ಹೆಚ್ಚಿನ ಸಲ ಮೊದಲಿನಿಂದ ಶುರು. ನಮ್ಮ ಅಮ್ಮ ಮೋಡೆಮ್ಮಿನ ಕೀರಲು ದನಿ ಕೇಳಿದರೆ ಸಾಕು, ಅಡುಗೆಮನೆಯಿಂದಲೇ ಗದರುತ್ತಿದ್ದರು.

ಆದ್ದರಿಂದ ಲಿನಕ್ಸ್ ನಮಗೆ ತಂತಿಯಲ್ಲಿ ಬರಲಿಲ್ಲ, ಪತ್ರಿಕೆ ಅಂಗಡಿಯಲ್ಲಿ ಬಂತು. ಪಿಸಿಕ್ವೆಸ್ಟ್ ಅನ್ನುವ ಮಾಸಪತ್ರಿಕೆ 1996ರಲ್ಲಿ ತನ್ನ ಸಂಚಿಕೆಯ ಜೊತೆ ಲಿನಕ್ಸ್ ಸಿಡಿ ಕೊಟ್ಟಿತು. ಆ ಕೆಲಸದ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಈಗ ಅವರಿಲ್ಲ, 2013ರಲ್ಲಿ ತೀರಿಕೊಂಡರು. ನನ್ನ ವಯಸ್ಸಿನ ಯಾವ ಲಿನಕ್ಸಿನವನನ್ನು ಬೇಕಾದರೂ ಕೇಳಿ, ಮೊದಲ ಸಿಡಿ ಎಲ್ಲಿಂದ ಸಿಕ್ಕಿತು ಅಂದರೆ ಹತ್ತರಲ್ಲಿ ಎಂಟು ಜನ ಆ ಪತ್ರಿಕೆಯ ಹೆಸರೇ ಹೇಳುತ್ತಾರೆ.

ಗುಂಪಿನ ಮೊದಲ ಕೆಲಸವೂ ಅದೇ ಆಗಿತ್ತು: ಸಿಡಿ ಹಂಚುವುದು. ಒಬ್ಬರ ಆಫೀಸಿನಲ್ಲಿ ಒಳ್ಳೆ ಲೈನ್ ಇದೆ, ಅವರು ಇಳಿಸುತ್ತಾರೆ. ಇನ್ನೊಬ್ಬರ ಹತ್ತಿರ ಸಿಡಿ ರೈಟರ್ ಇದೆ, ಅವರು ಬರೆಯುತ್ತಾರೆ. ಉಳಿದವರು ಖಾಲಿ ಸಿಡಿ ತಗೊಂಡು ಹೋಗಿ ಸಾಲಲ್ಲಿ ನಿಲ್ಲುತ್ತಾರೆ. ಲ್ಯಾಮಿಂಗ್ಟನ್ ರೋಡಿನ ಫುಟ್‌ಪಾತಿನಲ್ಲಿ ಬೇರೆ ಎಲ್ಲ ಸಾಫ್ಟ್‌ವೇರ್ ಕಳ್ಳ ಕಾಪಿ ಸಿಗುತ್ತಿದ್ದ ಕಾಲ ಅದು. ನಕಲು ಮಾಡು, ಹಂಚು, ಬೇಕಾದರೆ ಬದಲಾಯಿಸು ಅಂತ ಲಿನಕ್ಸಿನ ಲೈಸೆನ್ಸೇ ಹೇಳುತ್ತದೆ ಅನ್ನೋದು ನಮಗೆ ನಂಬಲಾಗದ ಮಾತು. ಒಬ್ಬ ಹುಡುಗ ಮೂರು ಸಲ ಕೇಳಿದ್ದ, "ಪೊಲೀಸ್ ಏನೂ ಮಾಡಲ್ಲ ಅಲ್ವಾ?" ಅಂತ.

ಹೆಸರಿನ ಬಗ್ಗೆ ಒಂದು ಮಾತು. ಊರಿನ ಹೆಸರು 1995ರಲ್ಲೇ ಮುಂಬಯಿ ಆಯಿತು. ಗುಂಪು ಕಟ್ಟಿಕೊಂಡದ್ದು ಆಮೇಲೆ, 90ರ ದಶಕದ ಕೊನೆಗೆ. ಆದರೂ ಇಟ್ಟುಕೊಂಡ ಹೆಸರು ಐಲಗ್-ಬಾಂಬೆ, ಇಂಡಿಯನ್ ಲಿನಕ್ಸ್ ಯೂಸರ್ಸ್ ಗ್ರೂಪಿನ ಬಾಂಬೆ ಶಾಖೆ ಅಂತ. ಐಐಟಿಯೂ ಬಾಂಬೆಯಾಗೇ ಉಳಿದಿದೆ. ನಮ್ಮ ಕರಾವಳಿಯವರು ಇವತ್ತಿಗೂ ಬೊಂಬಾಯಿ ಅನ್ನುತ್ತಾರೆ. ಅದಕ್ಕೆ ಯಾರೂ ಜಗಳ ಆಡಲಿಲ್ಲ. ಆಡಿದ ಜಗಳ ಬೇರೆ, ಅದನ್ನು ಆಮೇಲೆ ಹೇಳುತ್ತೇನೆ.

ಭೇಟಿ ಬಹಳ ಸಲ ಮಾಟುಂಗಾದ ವಿಜೆಟಿಐಯಲ್ಲಿ. 1887ರ ಹಳೆ ಸಂಸ್ಥೆ ಅದು, ಕಿಂಗ್ಸ್ ಸರ್ಕಲ್‌ನಿಂದ ನಡೆದು ಹೋಗಬಹುದು. ಕೆಲವು ಸಲ ಮಾನ್‌ಖುರ್ದಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ. ಅಲ್ಲಿನ ನಾಗಾರ್ಜುನ ಅವರು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಭಾರತದ ಸಂಸ್ಥೆಯನ್ನು ಮುನ್ನಡೆಸಿದವರು. ಮಾಟುಂಗಾ ನಮಗೆ ಅನುಕೂಲ. ಭೇಟಿ ಮುಗಿದ ಮೇಲೆ ಉಡುಪಿ ಹೋಟೆಲಿನಲ್ಲಿ ಇಡ್ಲಿ, ಫಿಲ್ಟರ್ ಕಾಫಿ. ಮಾನ್‌ಖುರ್ದಿಗೆ ಹಾರ್ಬರ್ ಲೈನ್ ಹಿಡಿಯಬೇಕು, ಭಾನುವಾರ ಅಂದರೆ ಮೆಗಾಬ್ಲಾಕ್, ಹಳಿ ರಿಪೇರಿಗೆ ಅಂತ ಗಂಟೆಗಟ್ಟಲೆ ರೈಲು ಬಂದ್. ಹನ್ನೊಂದಕ್ಕೆ ಅಂತ ಇಟ್ಟ ಭೇಟಿ ಹನ್ನೆರಡೂವರೆಗೆ ಶುರುವಾಗುತ್ತಿತ್ತು. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಯಾಕೆಂದರೆ ಎಲ್ಲರೂ ತಡ.

ಏನು ಮಾಡುತ್ತಿದ್ದರು ಅಂತ ಕೇಳಿದ್ದೀರಿ. ಒಂದು ಭಾಷಣ ಇರುತ್ತಿತ್ತು. ಹೊಸ ಕರ್ನಲ್, ಮೇಲ್ ಸರ್ವರ್, ಫೈರ್‌ವಾಲ್, ಹೀಗೆ. ನಿಜ ಹೇಳಬೇಕೆಂದರೆ ಭಾಷಣದಲ್ಲಿ ಕಲಿತದ್ದು ಕಮ್ಮಿ. ಕಲಿತದ್ದೆಲ್ಲ ಅದು ಮುಗಿದ ಮೇಲೆ, ಯಾರೋ ಕೆಟ್ಟುಹೋದ ಮೆಷಿನ್ ತಂದು ಮೇಜಿನ ಮೇಲೆ ಇಟ್ಟಾಗ.

ಒಮ್ಮೆ ಆ ಮೆಷಿನ್ ತಂದವನು ನಾನೇ. ಚಿಕ್ಕಪ್ಪನದ್ದು ಘಾಟ್‌ಕೋಪರಿನಲ್ಲಿ ಚಿಕ್ಕ ಹೋಟೆಲು. ಗಲ್ಲಾದ ಹಿಂದೆ ಒಂದು ಕಂಪ್ಯೂಟರ್, ಅದರಲ್ಲಿ ಎರಡು ವರ್ಷದ ಲೆಕ್ಕ. ನನಗೆ ಲಿನಕ್ಸ್ ಹಾಕುವ ಹುಚ್ಚು, ಮನೆಯಲ್ಲಿ ಮೆಷಿನ್ ಇಲ್ಲ. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಸಿಡಿ ಹಾಕಿ ಎಫ್‌ಡಿಸ್ಕ್ ತೆರೆದೆ, ಡಿಸ್ಕನ್ನು ಪಾರ್ಟಿಷನ್ ಅಂದರೆ ಭಾಗ ಮಾಡುವ ಪ್ರೋಗ್ರಾಮ್ ಅದು. ಇದ್ದ ಒಂದೇ ಪಾರ್ಟಿಷನ್ ಅಳಿಸಿ, ಹೊಸದು ಎರಡು ಮಾಡಿ, ಡಬ್ಲ್ಯೂ ಒತ್ತಿದೆ. ಡಬ್ಲ್ಯೂ ಅಂದರೆ ಬರೆದುಬಿಡು ಅಂತ. ಒತ್ತಿದ ಮೇಲೆ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು. ಮುಂದಿನ ಹೆಜ್ಜೆ ಫಾರ್ಮ್ಯಾಟ್, ಅಂದರೆ ಆ ಭಾಗಗಳನ್ನು ಹೊಸದಾಗಿ ಸಿದ್ಧ ಮಾಡುವುದು. ಅಲ್ಲಿಗೆ ಕೈ ನಡುಗಿ ಕರೆಂಟ್ ಆಫ್ ಮಾಡಿದೆ. ಮತ್ತೆ ಹಾಕಿದರೆ ವಿಂಡೋಸ್ ಇಲ್ಲ, ಲೆಕ್ಕ ಇಲ್ಲ, ಕಪ್ಪು ಪರದೆ.

ಎರಡು ದಿನ ಬಿಟ್ಟು ಭಾನುವಾರ. ರಿಪೇರಿಗೆ ಅಂತ ಸುಳ್ಳು ಹೇಳಿ, ಕ್ಯಾಬಿನೆಟ್ಟನ್ನು ಹಳೆ ಲುಂಗಿಯಲ್ಲಿ ಸುತ್ತಿ, ಲೋಕಲ್ಲಿನ ಲಗೇಜ್ ಡಬ್ಬಾದಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತು ಮಾಟುಂಗಾಕ್ಕೆ ಬಂದೆ. ಗುಂಪಿನಲ್ಲಿ ನಡುವಯಸ್ಸಿನವರೊಬ್ಬರು ಇದ್ದರು, ಮಾತು ಕಮ್ಮಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಫಾರ್ಮ್ಯಾಟ್ ಮಾಡಿದ್ದೀಯಾ?" ಇಲ್ಲ ಅಂದೆ. "ಹಾಗಾದರೆ ಕೂತ್ಕೋ" ಅಂದರು.

ಜೇಬಿನಿಂದ ಒಂದು ಫ್ಲಾಪಿ ತೆಗೆದರು. ಟಾಮ್ಸ್‌ಆರ್‌ಟಿಬಿಟಿ ಅಂತ, ಒಂದೇ ಫ್ಲಾಪಿಯಲ್ಲಿ ಹಿಡಿಯುವ ಪುಟ್ಟ ಲಿನಕ್ಸ್. ಅದರಿಂದ ಬೂಟ್ ಮಾಡಿ, ಕೀಬೋರ್ಡ್ ನನ್ನ ಕಡೆ ತಳ್ಳಿ, ಮೊದಲು ಒಂದು ಕಾಗದ ತಗೋ ಅಂದರು. ಪರದೆ ಮೇಲೆ ಕಾಣುವುದನ್ನೆಲ್ಲ ಬರೆಸಿದರು. ಡಿಸ್ಕಿನ ಅಳತೆ ಹೇಳುವ ಸಿಲಿಂಡರ್ ಎಷ್ಟು, ಹೆಡ್ ಎಷ್ಟು, ಈಗ ನಾನು ಮಾಡಿದ ಪಾರ್ಟಿಷನ್ ಎಲ್ಲಿಂದ ಎಲ್ಲಿಗೆ. ಆಮೇಲೆ ವಿವರಿಸಿದರು. ಡಿಸ್ಕಿನ ಮೊದಲ 512 ಬೈಟುಗಳಲ್ಲಿ 64 ಬೈಟು ಮಾತ್ರ ಪಾರ್ಟಿಷನ್ ಪಟ್ಟಿಗೆ ಮೀಸಲು. ನೀನು ಬದಲಾಯಿಸಿದ್ದು ಅಷ್ಟೇ. ಪರಿವಿಡಿ ಹರಿದಿದ್ದೀಯಾ, ಪುಸ್ತಕ ಹಾಗೇ ಇದೆ. ಹಳೇದು ಇಡೀ ಡಿಸ್ಕಿಗೆ ಒಂದೇ ಪಾರ್ಟಿಷನ್ ಇತ್ತು ಅಂತೀಯ. ಹಾಗಾದರೆ ನಿನ್ನ ಎರಡನ್ನೂ ಅಳಿಸು, ಸಿಲಿಂಡರ್ ಒಂದರಿಂದ ಕೊನೆವರೆಗೆ ಒಂದೇ ಮಾಡು, ನಮೂನೆ ಬಿ ಅಂತ ಕೊಡು, ಅದು ವಿಂಡೋಸಿನದ್ದು. ಇಲ್ಲಿಂದ ಶುರುವಾಗಲಿ ಅನ್ನುವ ಆಕ್ಟಿವ್ ಗುರುತು ಹಾಕು. ಫಾರ್ಮ್ಯಾಟ್ ಅನ್ನುವ ಮಾತು ಎತ್ತಬೇಡ.

ಡಬ್ಲ್ಯೂ ಒತ್ತುವ ಮೊದಲು ನನ್ನಿಂದಲೇ ಎರಡು ಸಲ ಓದಿಸಿದರು. ಒತ್ತಿದೆ. ಫ್ಲಾಪಿ ತೆಗೆದು ಮತ್ತೆ ಶುರು ಮಾಡಿದರೆ ಮೋಡದ ಚಿತ್ರದ ವಿಂಡೋಸ್ ಎದ್ದು ಬಂತು. ಚಿಕ್ಕಪ್ಪನ ಲೆಕ್ಕವೂ. ಸುತ್ತ ನಿಂತಿದ್ದ ಹದಿನೈದು ಜನ ಲಿನಕ್ಸ್ ಭಕ್ತರು, ವಿಂಡೋಸ್ ಬೂಟ್ ಆಗಿದ್ದಕ್ಕೆ ಚಪ್ಪಾಳೆ ಹೊಡೆದರು. ಆ ಗುಂಪಿನ ಇತಿಹಾಸದಲ್ಲಿ ಅದು ಇನ್ನೊಮ್ಮೆ ಆಗಿರಲಿಕ್ಕಿಲ್ಲ.

ಯೂಟ್ಯೂಬಿನಲ್ಲಿ ಎಲ್ಲ ಸಿಗುತ್ತದಲ್ಲ ಅಂತ ನೀವು ಕೇಳಿದಿರಿ. ಸಿಗುತ್ತದೆ. ಆದರೆ ವಿಡಿಯೊ ನಿಮ್ಮನ್ನು "ಫಾರ್ಮ್ಯಾಟ್ ಮಾಡಿದ್ದೀಯಾ?" ಅಂತ ಕೇಳಲ್ಲ. ತನ್ನ ಹತ್ತು ಹೆಜ್ಜೆ ತಾನು ಹೇಳಿಕೊಂಡು ಹೋಗುತ್ತದೆ. ನೀವು ಮೂರನೇ ಹೆಜ್ಜೆಯಲ್ಲೇ ಬೇರೆ ದಾರಿ ಹಿಡಿದಿದ್ದೀರಿ ಅಂತ ಅದಕ್ಕೆ ಗೊತ್ತಾಗಲ್ಲ. ಕೀಬೋರ್ಡನ್ನು ನಿಮ್ಮ ಕಡೆ ತಳ್ಳಿ ಸುಮ್ನೆ ಪಕ್ಕದಲ್ಲಿ ಕೂರುವವರು ಬೇಕಾಗುವುದು ಆಗಲೇ.

ಈಗ ಆ ಜಗಳದ ವಿಷಯ. ಲಿನಕ್ಸ್ ಅನ್ನಬೇಕಾ, ಗ್ನೂ ಲಿನಕ್ಸ್ ಅನ್ನಬೇಕಾ? ಟೋರ್ವಾಲ್ಡ್ಸ್ ಬರೆದದ್ದು ಕರ್ನಲ್, ಅಂದರೆ ತಿರುಳು. ಅದರ ಸುತ್ತ ಇರುವ ಕಂಪೈಲರ್, ಶೆಲ್, ಸಣ್ಣಪುಟ್ಟ ಉಪಕರಣಗಳು ಬಹುಪಾಲು ಗ್ನೂ ಯೋಜನೆಯವು. ಅದನ್ನು ರಿಚರ್ಡ್ ಸ್ಟಾಲ್‌ಮನ್ 1983ರಲ್ಲೇ ಘೋಷಿಸಿದ್ದ. ಬಿಸಿಬೇಳೆಬಾತಿಗೆ ಬರೀ ಬೇಳೆ ಅಂದರೆ ಅಕ್ಕಿಗೆ ಅನ್ಯಾಯ ಅಲ್ವಾ ಅನ್ನೋದು ಒಂದು ಪಕ್ಷ. ಹೆಸರಲ್ಲೇನಿದೆ, ಎಲೆಗೆ ಬಡಿಸಿ ಅನ್ನೋದು ಇನ್ನೊಂದು ಪಕ್ಷ. ಮುಂಬಯಿ ಗುಂಪು ಕೊನೆಗೆ ತನ್ನನ್ನು ಗ್ನೂ ಲಿನಕ್ಸ್ ಯೂಸರ್ಸ್ ಗ್ರೂಪ್ ಅಂತಲೂ ಕರೆದುಕೊಂಡಿತು. ಮೊದಲ ಪಕ್ಷದ ಮಾತಿನಲ್ಲಿ ನ್ಯಾಯ ಇದೆ ಅಂತ ನನಗೂ ಅನಿಸುತ್ತದೆ. ಆದರೆ ಅದನ್ನು ಹೇಳಿದ ರೀತಿಗೆ ಎಷ್ಟೋ ಹೊಸಬರು ಹೆದರಿ ಓಡಿಹೋದರು. ಬಂದ ಮೊದಲ ದಿನ ಬಾಯಿ ತಪ್ಪಿ ಲಿನಕ್ಸ್ ಅಂದವನಿಗೆ ಇಪ್ಪತ್ತು ನಿಮಿಷ ಪಾಠ ಹೇಳಿದರೆ ಅವನು ಎರಡನೇ ಸಲ ಯಾಕೆ ಬರುತ್ತಾನೆ? ಬರುತ್ತಿದ್ದವರಲ್ಲಿ ಹುಡುಗಿಯರಂತೂ ಬೆರಳೆಣಿಕೆ. ನಮ್ಮ ತಪ್ಪು ಅದು. ಆಗ ಯಾರಿಗೂ ತಪ್ಪು ಅಂತ ಅನಿಸಲೂ ಇಲ್ಲ.

ಮುಂಬಯಿ ಕನ್ನಡಿಗರಿಗೆ ಇಂಥ ಗುಂಪು ಹೊಸದೇನಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಶನ್ ಹುಟ್ಟಿದ್ದು 1926ರಲ್ಲಿ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದವರು ನಮ್ಮ ಹಿರಿಯರಲ್ಲಿ ಎಷ್ಟು ಜನ! ಆ ರಾತ್ರಿ ಶಾಲೆಗೆ ಬೇಕಾಗಿದ್ದು ಏನು? ಹಗಲು ಬೇರೆಯವರು ಬಳಸುವ ಒಂದು ಕೋಣೆ, ಒಂದು ದೀಪ, ಸಂಬಳದ ಆಸೆ ಇಲ್ಲದೆ ದಿನಾ ಬರುವ ಒಬ್ಬ ಮೇಷ್ಟ್ರು. ಲಿನಕ್ಸ್ ಗುಂಪೂ ನಿಂತದ್ದು ಇದರ ಮೇಲೇ. ಒಂದು ವ್ಯತ್ಯಾಸ ಅಂದರೆ ನಮ್ಮ ಸಂಘಗಳಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಹಾರ, ಶಾಲು ಎಲ್ಲ ಇರುತ್ತವೆ. ಅಲ್ಲಿ ಯಾವುದೂ ಇರಲಿಲ್ಲ. ಅದು ಅದರ ಚಂದ, ಅದೇ ಅದರ ತೊಂದರೆ ಕೂಡ.

ತೊಂದರೆ ಹೇಗೆ ಅಂತ ಹೇಳುತ್ತೇನೆ. ನಾವು ಕೆಲವರು ಉಪನಗರದಲ್ಲಿ ಬೇರೆಯೇ ಒಂದು ಚಿಕ್ಕ ಗುಂಪು ನಡೆಸುತ್ತಿದ್ದೆವು. ಒಂದು ಕಾಲೇಜಿನ ಲ್ಯಾಬ್, ಹೆಸರು ಬೇಡ. ಲಿಖಿತವಾಗಿ ಯಾರ ಒಪ್ಪಿಗೆಯೂ ಇರಲಿಲ್ಲ. ಅಲ್ಲಿನ ವಾಚ್‌ಮನ್‌ಗೆ ನಮ್ಮ ಮುಖ ಗೊತ್ತು, ಬೀಗ ತೆಗೆಯುತ್ತಿದ್ದ, ನಾವು ಅವನ ಮಗನಿಗೆ ಸ್ವಲ್ಪ ಗಣಿತ ಹೇಳಿಕೊಡುತ್ತಿದ್ದೆವು. ಎರಡೂವರೆ ವರ್ಷ ಚೆನ್ನಾಗಿ ನಡೆಯಿತು. ಒಂದು ದಿನ ಅವನ ಜಾಗಕ್ಕೆ ಬೇರೆಯವನು ಬಂದ, ಪತ್ರ ತನ್ನಿ ಅಂದ. ತಪ್ಪೇನಿಲ್ಲ, ಅವನ ಕೆಲಸ ಅದು. ಪತ್ರ ಕೊಡೋಕೆ ನಮಗೊಂದು ಲೆಟರ್‌ಹೆಡ್ ಇರಲಿಲ್ಲ, ಸಹಿ ಹಾಕೋಕೆ ಅಧ್ಯಕ್ಷರಿರಲಿಲ್ಲ. ಕಾಲೇಜಿನವರು ಮೂರು ತಿಂಗಳು ಇವತ್ತು ನಾಳೆ ಅಂದರು. ಅಷ್ಟರಲ್ಲಿ ಜನ ಚದುರಿದರು. ಕರ್ನಲ್, ಡಿಸ್ಟ್ರೋ (ಲಿನಕ್ಸಿನ ಬೇರೆ ಬೇರೆ ರೂಪಗಳು), ಲೈಸೆನ್ಸ್ ಎಂದೆಲ್ಲ ಬಡಿದಾಡಿದ ಗುಂಪು ಮುಚ್ಚಿಹೋದದ್ದು ಒಂದು ಬೀಗಕ್ಕೆ.

ಪುಣೆಯವರು ಈ ವಿಷಯದಲ್ಲಿ ಜಾಣರು. ಅವರ ಗುಂಪಿನ ಹೆಸರು ಪ್ಲಗ್, ಪುಣೆ ಲಿನಕ್ಸ್ ಯೂಸರ್ಸ್ ಗ್ರೂಪ್. ಮಾಡೆಲ್ ಕಾಲೊನಿಯ ಸಿಂಬಯೋಸಿಸ್ ಕಂಪ್ಯೂಟರ್ ಸಂಸ್ಥೆಯ ಜೊತೆ ಅವರ ನಂಟು ಗಟ್ಟಿ. ಅಲ್ಲಿ 2003ರಿಂದ ಗ್ನೂನಿಫೈ ಅನ್ನುವ ಸಮ್ಮೇಳನ ವರ್ಷ ವರ್ಷ ನಡೆಯುತ್ತಾ ಬಂತು, ಓಡಾಡಿ ನಡೆಸುವವರು ವಿದ್ಯಾರ್ಥಿಗಳೇ. ಪ್ರತಿ ವರ್ಷ ಹಳೆ ಹುಡುಗರು ಪಾಸಾಗಿ ಹೋಗುತ್ತಾರೆ, ಹೊಸಬರು ಬರುತ್ತಾರೆ, ಕೋಣೆ ಮಾತ್ರ ಅಲ್ಲೇ ಇರುತ್ತದೆ. ನಾವು ಬೆಳಗಿನ ಟ್ರೈನ್ ಹತ್ತಿ ಹೋಗಿ, ರಾತ್ರಿ ಯಾರದೋ ಹಾಸ್ಟೆಲಿನಲ್ಲಿ ಮಲಗಿ ಬರುತ್ತಿದ್ದೆವು. ಫೆಡೋರಾ ಅನ್ನುವ ಲಿನಕ್ಸಿನ ಸಮುದಾಯದ ಸಮ್ಮೇಳನ ಫಡ್‌ಕಾನ್ ಕೂಡ ಪುಣೆಗೆ ಎರಡು ಸಲ ಬಂತು, 2011ರಲ್ಲಿ ಮತ್ತು 2015ರಲ್ಲಿ. ಮೊದಲ ಸಲ ನಡೆದದ್ದು ಇಂಜಿನಿಯರಿಂಗ್ ಕಾಲೇಜು ಅಂದರೆ ಸಿಓಇಪಿಯಲ್ಲಿ.

ಕನ್ನಡದವರಿಗೆ ಪುಣೆ ಮುಖ್ಯ ಆಗುವುದು ಬೇರೆ ಕಾರಣಕ್ಕೆ. ಲಿನಕ್ಸಿನದ್ದೇ ವ್ಯವಹಾರ ಮಾಡುವ ರೆಡ್ ಹ್ಯಾಟ್ ಕಂಪನಿಯ ದೊಡ್ಡ ಕಚೇರಿ ಅಲ್ಲಿದೆ. ಭಾರತದ ಭಾಷೆಗಳನ್ನು ಲಿನಕ್ಸಿನಲ್ಲಿ ಸರಿಯಾಗಿ ಮೂಡಿಸುವ ಕೆಲಸ ಅಲ್ಲಿ ಬಹಳ ನಡೆಯಿತು, ಕನ್ನಡವೂ ಸೇರಿ. ಲೋಹಿತ್ ಅನ್ನುವ ಫಾಂಟು ನೋಡಿರಬಹುದು. ಲೋಹಿತ ಅಂದರೆ ಕೆಂಪು, ಕಂಪನಿಯ ಕೆಂಪು ಟೋಪಿಗೆ ತಕ್ಕ ಹೆಸರು. 2011ರಲ್ಲಿ ಅದನ್ನು ಓಪನ್ ಫಾಂಟ್ ಲೈಸೆನ್ಸಿಗೆ ಬದಲಾಯಿಸಿದರು, ಯಾರು ಬೇಕಾದರೂ ತಮ್ಮ ಸಾಫ್ಟ್‌ವೇರ್ ಜೊತೆ ಕೊಡಬಹುದು. ಅದಕ್ಕೂ ಮುಂಚೆ ಮುಂಬಯಿಯಲ್ಲಿ, 2000ದ ಆಸುಪಾಸಿನಲ್ಲಿ, ಪ್ರಕಾಶ್ ಅಡ್ವಾಣಿ ಮತ್ತು ವೆಂಕಟೇಶ್ ಹರಿಹರನ್ ಇಂಡ್‌ಲಿನಕ್ಸ್ ಅನ್ನುವ ಯೋಜನೆ ಶುರು ಮಾಡಿದ್ದರು. ಮೊದಲು ಹಿಂದಿ, ಆಮೇಲೆ ಉಳಿದ ಭಾಷೆಗಳಿಗೂ ಅದೇ ದಾರಿ ಆಯಿತು.

ಇದೆಲ್ಲ ಏನು ದೊಡ್ಡ ಕೆಲಸ ಅಂತ ಅನಿಸಿದರೆ ಒಂದೇ ಒಂದು ಪದ ತಗೊಳ್ಳಿ: ರ‍್ಯಾಂಕ್. ಸೂರ್ಯ ಅನ್ನುವಾಗ ರ ಅರ್ಧಕ್ಕೆ ಇಳಿದು ಅರ್ಕಾವತ್ತು ಆಗಿ ಹಿಂದೆ ಬಂದು ಕೂರುತ್ತದೆ. ಸರಿ. ಆದರೆ ರ‍್ಯಾಂಕ್ ಅನ್ನುವಾಗ ರ ಮುಂದೆಯೇ ನಿಲ್ಲಬೇಕು, ಯ ಅದರ ಕೆಳಗೆ ಒತ್ತಾಗಬೇಕು. ಎರಡಕ್ಕೂ ಒತ್ತುವ ಅಕ್ಷರ ಅವೇ: ರ, ಹಲಂತ, ಯ. ಯಾವುದು ಬೇಕು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಗುರುತು ಹಾಕಬೇಕು ಅಂತ ಯುನಿಕೋಡಿನ ನಿಯಮ. ಯುನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿ. ಅದನ್ನು ಫಾಂಟು ಅರ್ಥ ಮಾಡಿಕೊಳ್ಳಬೇಕು, ಅಕ್ಷರ ಜೋಡಿಸುವ ಇಂಜಿನ್ ಅರ್ಥ ಮಾಡಿಕೊಳ್ಳಬೇಕು, ಕೀಬೋರ್ಡಿನಲ್ಲಿ ಅದನ್ನು ಒತ್ತೋಕೆ ದಾರಿ ಇರಬೇಕು. ಮೂರರಲ್ಲಿ ಒಂದು ಕೈಕೊಟ್ಟರೂ ನಿಮ್ಮ ರ‍್ಯಾಂಕ್ ಹೋಗಿ ರ್ಯಾಂಕ್ ಆಗುತ್ತದೆ. ಹಳೆ ಡಿಸ್ಟ್ರೋಗಳಲ್ಲಿ ಹಾಗೇ ಆಗುತ್ತಿತ್ತು. ಮೆಷಿನ್ ಮುಂದೆ ಕೂತು, ಇದು ತಪ್ಪು ಅಂತ ಗುರುತಿಸಿ, ಬಗ್ ಅಂದರೆ ತಪ್ಪಿನ ವರದಿ ಬರೆದು, ಚಿತ್ರ ಕಳಿಸಿ, ಸರಿಯಾಯಿತಾ ಅಂತ ಮತ್ತೆ ನೋಡುವವರು ಯಾರು? ಕನ್ನಡ ಓದೋಕೆ ಬರುವವರೇ ಆಗಬೇಕು. ಕ್ಯಾಲಿಫೋರ್ನಿಯಾದ ಇಂಜಿನಿಯರಿಗೆ ಎರಡೂ ಚಂದವಾಗೇ ಕಾಣುತ್ತವೆ.

ಇನ್ನೊಂದು ಸ್ವಾರಸ್ಯ. ಇನ್‌ಸ್ಕ್ರಿಪ್ಟ್ ಕೀಬೋರ್ಡಿನಲ್ಲಿ ಭಾರತದ ಬಹುತೇಕ ಲಿಪಿಗಳಿಗೆ ಒಂದೇ ಜೋಡಣೆ. ಮರಾಠಿಯಲ್ಲಿ ಕ ಎಲ್ಲಿದೆಯೋ ಕನ್ನಡದಲ್ಲೂ ಅಲ್ಲೇ. ನಮ್ಮ ಮಹಾರಾಷ್ಟ್ರದ ಕನ್ನಡ ಮಕ್ಕಳು ಶಾಲೆಯಲ್ಲಿ ಮರಾಠಿ ಟೈಪಿಂಗ್ ಕಲಿತಿದ್ದರೆ ಕನ್ನಡ ಅರ್ಧ ಬಂದಂತೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಇರುವ ಹುಡುಗನಿಗೆ ಇದಕ್ಕಿಂತ ಒಳ್ಳೆ ಕೀಬೋರ್ಡ್ ಇಲ್ಲ. ಆದರೂ ಇಂಗ್ಲಿಷ್ ಸ್ಪೆಲ್ಲಿಂಗ್ ಹೊಡೆದು ಕನ್ನಡ ಬರಿಸುವುದೇ ಜಾಸ್ತಿ. ಇರಲಿ.

ಗೋವಾದಲ್ಲೂ ಗುಂಪಿತ್ತು. ಅಲ್ಲಿ ಹಳೆ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿ ಶಾಲೆಗಳಿಗೆ ಕೊಡುವ ಕೆಲಸ 2000ದ ಮೊದಲ ವರ್ಷಗಳಲ್ಲೇ ನಡೆಯಿತು. ಪತ್ರಕರ್ತ ಫ್ರೆಡರಿಕ್ ನೊರೋನ್ಹಾ ಆ ಬಗ್ಗೆ ತುಂಬಾ ಬರೆದರು. ಕೋಡ್ ಬರೆಯದವರೂ ಇಂಥ ಗುಂಪಿನ ಕಂಬ ಆಗಬಹುದು ಅನ್ನೋದಕ್ಕೆ ನಾನು ಅವರನ್ನೇ ತೋರಿಸುತ್ತೇನೆ.

ಹಾಗಾದರೆ ಈ ಗುಂಪುಗಳು ಯಾಕೆ ತೆಳ್ಳಗಾದವು? ಸರಳ ಉತ್ತರ, ಅವುಗಳ ಕೆಲಸ ಮುಗಿಯಿತು. ಬ್ರಾಡ್‌ಬ್ಯಾಂಡ್ ಬಂತು. 2005ರ ಹೊತ್ತಿಗೆ ಉಬುಂಟು ಅನ್ನುವ ಲಿನಕ್ಸಿನ ಸಿಡಿ ಕೇಳಿದರೆ ಅಂಚೆಯಲ್ಲಿ ಪುಕ್ಕಟೆ ಮನೆಗೇ ಬರುತ್ತಿತ್ತು, 2011ರವರೆಗೂ ಅದು ನಡೆಯಿತು. ಇನ್‌ಸ್ಟಾಲ್ ಮಾಡೋದು ಮುಂದೆ ಮುಂದೆ ಅಂತ ಒತ್ತುವಷ್ಟು ಸುಲಭವಾಯಿತು. ಲಿನಕ್ಸ್ ಗೆದ್ದೂ ಬಿಟ್ಟಿತು. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೆ ಅದೇ ಕರ್ನಲ್. 2017ರ ನವೆಂಬರಿನಿಂದ ಜಗತ್ತಿನ 500 ಅತಿ ವೇಗದ ಸೂಪರ್ ಕಂಪ್ಯೂಟರ್‌ಗಳಲ್ಲಿ ಅಷ್ಟಕ್ಕೆ ಅಷ್ಟೂ ಲಿನಕ್ಸೇ. ಗೆದ್ದ ಪಕ್ಷದ ಕಾರ್ಯಕರ್ತರು ಮನೆಗೆ ಹೋಗುತ್ತಾರೆ. ನಮಗೂ ಮದುವೆಯಾಯಿತು, ಮಕ್ಕಳಾದವು, ಭಾನುವಾರ ಬೇರೆಯವರ ಪಾಲಾಯಿತು.

ಪೂರ್ತಿ ನಿಂತಿಲ್ಲ. ಮುಂಬಯಿಯ ಫ್ರಾಪೆ ಕಂಪನಿ ಇಆರ್‌ಪಿನೆಕ್ಸ್ಟ್ ಅನ್ನುವ, ಕಂಪನಿಗಳ ಲೆಕ್ಕ ವ್ಯವಹಾರ ನೋಡಿಕೊಳ್ಳುವ ಓಪನ್ ಸೋರ್ಸ್ (ಒಳಗಿನ ಕೋಡ್ ಎಲ್ಲರಿಗೂ ತೆರೆದಿಟ್ಟ) ಸಾಫ್ಟ್‌ವೇರ್ ಕಟ್ಟಿದೆ. ಆ ಕಂಪನಿಯೂ ಬೆಂಗಳೂರಿನ ಷೇರು ವ್ಯವಹಾರದ ಕಂಪನಿ ಝೆರೋಧಾವೂ ಬೆನ್ನಿಗೆ ನಿಂತ ಫಾಸ್ ಯುನೈಟೆಡ್ ಅನ್ನುವ ಸಂಸ್ಥೆ ಈಗ ಊರೂರಲ್ಲಿ ಭೇಟಿ ಏರ್ಪಡಿಸುತ್ತದೆ, ಮುಂಬಯಿಯಲ್ಲೂ. ಒಮ್ಮೆ ಹೋಗಿ ಬನ್ನಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿಬ್ರೆಆಫೀಸ್, ಪೈಥಾನ್ ಮುಂತಾದ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳ ಬಗ್ಗೆ ಚಿಕ್ಕ ಚಿಕ್ಕ ಪಾಠಗಳಿವೆ, ಕನ್ನಡದ ದನಿಯಲ್ಲೂ ಸಿಗುತ್ತವೆ. ನಿಮ್ಮ ಸಂಘದ ಹಿರಿಯರಿಗೆ ಅವು ಚೆನ್ನಾಗಿ ಹಿಡಿಸಬಹುದು.

ಈಗ ನಿಮ್ಮ ಲೈಬ್ರರಿ. ಕಾಲ ಒಳ್ಳೆಯದಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ಕ್ಕೆ ಏರಲಾಗದ ಮೆಷಿನ್‌ಗಳು ಸಂಘದ ಸದಸ್ಯರ ಮನೆಗಳಲ್ಲೂ ಬೇಕಾದಷ್ಟು ಇರುತ್ತವೆ. ಇನ್‌ಸ್ಟಾಲ್ ಫೆಸ್ಟ್ ಅಂತ ನೋಟಿಸ್ ಬೋರ್ಡಿನಲ್ಲಿ ಕನ್ನಡದಲ್ಲೇ ಹಾಕಿ, ಹಳೆ ಲ್ಯಾಪ್‌ಟಾಪ್ ತನ್ನಿ ಅಂತ. ಜನ ಬರುತ್ತಾರೆ. ಬಂದವರಿಗೆ ಮೊದಲು ಫೈಲುಗಳ ಕಾಪಿ ತೆಗೆದುಕೊಡಿ. ನನ್ನ ಚಿಕ್ಕಪ್ಪನನ್ನು ನೆನಪಿಡಿ.

ಎಂಟು ಮೆಷಿನ್ ತೆರೆಯುವ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲವಾದರೆ ಒಂದು ದಿನ ಹಾಳಾಗುತ್ತದೆ. ವರ್ಷಗಟ್ಟಲೆ ಬಂದ್ ಇದ್ದ ಕಂಪ್ಯೂಟರಿನಲ್ಲಿ ಮದರ್‌ಬೋರ್ಡಿನ ಸೆಲ್ ಸತ್ತಿರುತ್ತದೆ. ಸಿಆರ್ 2032 ಅಂತ, ನಾಣ್ಯದ ಹಾಗೆ ದುಂಡಗೆ. ಅದು ಸತ್ತರೆ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಗಡಿಯಾರ ತಪ್ಪಿದ್ದರೆ ಬ್ರೌಸರಿನಲ್ಲಿ ಒಂದು ಸೈಟೂ ಸರಿಯಾಗಿ ತೆರೆಯಲ್ಲ, ಸುರಕ್ಷಿತ ಅಲ್ಲ ಅಂತ ಎಚ್ಚರಿಕೆ ಬರುತ್ತದೆ. ನೀವು ನೆಟ್ ಸರಿ ಇಲ್ಲ ಅಂತ ಅರ್ಧ ದಿನ ಕೇಬಲ್ ಎಳೆದಾಡುತ್ತೀರಿ. ಎಂಟು ಸೆಲ್ ಮೊದಲೇ ತಂದಿಟ್ಟುಕೊಳ್ಳಿ. ಆಮೇಲೆ ಪ್ರೊಸೆಸರ್ 64 ಬಿಟ್ ಹೌದಾ ನೋಡಿ. 32 ಬಿಟ್ ಮೆಷಿನ್‌ಗೆ ಡೆಬಿಯನ್ ಅನ್ನುವ ಲಿನಕ್ಸಿನ 13ನೇ ಆವೃತ್ತಿಯಲ್ಲಿ ಇನ್‌ಸ್ಟಾಲರ್ ಇಲ್ಲ, 12 ಹಾಕಬೇಕು. ಎರಡು ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಸಾಕು. ಖರ್ಚು ಮಾಡೋಕೆ ದುಡ್ಡಿದ್ದರೆ ರ‍್ಯಾಮಿಗಿಂತ ಮೊದಲು ಎಸ್‌ಎಸ್‌ಡಿಗೆ ಹಾಕಿ.

ಇನ್‌ಸ್ಟಾಲ್ ಆದ ಮೇಲೆ ಏನು ಅನ್ನೋದು ಮುಖ್ಯ. ಬರೀ ಇನ್‌ಸ್ಟಾಲ್ ಮಾಡುವ ಗುಂಪು ನಾಲ್ಕನೇ ಭೇಟಿಗೆ ಖಾಲಿಯಾಗುತ್ತದೆ. ಸಂಘದ್ದೇ ಒಂದು ಕೆಲಸ ಹಿಡಿಯಿರಿ. ನಿಮ್ಮ ಕಪಾಟಿನಲ್ಲಿ ಹಳೆ ಸ್ಮರಣ ಸಂಚಿಕೆಗಳ ಫೈಲುಗಳು ಖಂಡಿತ ಇರುತ್ತವೆ, ಯುನಿಕೋಡ್ ಬರುವ ಮುಂಚಿನ ನುಡಿ ಫಾಂಟಿನಲ್ಲಿ ಟೈಪ್ ಮಾಡಿದವು. ಆ ಫಾಂಟು ಇಲ್ಲದ ಮೆಷಿನ್‌ನಲ್ಲಿ ತೆರೆದು ನೋಡಿ, ಕನ್ನಡ ಅನ್ನುವ ಪದದ ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಕಾಣುತ್ತದೆ! ಅವನ್ನು ಯುನಿಕೋಡಿಗೆ ತರಬೇಕು. ಪರಿವರ್ತಕ ಓಡಿಸಿದರೆ ನೂರಕ್ಕೆ ತೊಂಬತ್ತು ಆಗಬಹುದು, ಉಳಿದ ಒತ್ತಕ್ಷರಗಳನ್ನು ಕೂತು ಸರಿ ಮಾಡಬೇಕು. ಕಾಗದದಲ್ಲಿ ಮಾತ್ರ ಉಳಿದ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಸಾಫ್ಟ್‌ವೇರ್‌ಗೆ ಕೊಡಿ, ಅದಕ್ಕೆ ಕನ್ನಡ ಓದೋಕೆ ಬರುತ್ತದೆ, ತಪ್ಪೂ ಮಾಡುತ್ತದೆ. ತಪ್ಪು ತಿದ್ದೋಕೆ ನಿಮ್ಮ ಸಂಘದ ನಿವೃತ್ತ ಮೇಷ್ಟ್ರುಗಳನ್ನು ಕೂರಿಸಿ. ಕಮಾಂಡ್ ನಿಮ್ಮದು, ಕಾಗುಣಿತ ಅವರದ್ದು. ಹುಡುಗಿಯರನ್ನು ಮೊದಲ ದಿನವೇ ಕರೆಯಿರಿ, ಮೂಲೆಯಲ್ಲಿ ಕೂರಿಸೋಕಲ್ಲ, ಕೀಬೋರ್ಡ್ ಕೊಡೋಕೆ.

ದಿನ ಒಂದು ಗಟ್ಟಿ ಮಾಡಿ, ಎಷ್ಟೇ ಕಮ್ಮಿ ಜನ ಬಂದರೂ ತಪ್ಪಿಸಬೇಡಿ. ಎರಡನೇ ಶನಿವಾರ ಸಂಜೆ ಅಂತ ಇಟ್ಟರೆ ಮೆಗಾಬ್ಲಾಕಿನ ಕಾಟ ಇಲ್ಲ. ಪದಾಧಿಕಾರಿಗಳು ಬೇಡ. ಆದರೆ ಸಂಘದ ಕಾರ್ಯದರ್ಶಿಯಿಂದ ಒಂದು ಪತ್ರ ಇವತ್ತೇ ಬರೆಸಿಕೊಳ್ಳಿ, ತಿಂಗಳಿಗೊಮ್ಮೆ ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ ಲೈಬ್ರರಿ ಬಳಸಬಹುದು ಅಂತ. ಬೀಗದ ಕೈ ಎರಡು ಮಾಡಿಸಿ. ಒಂದು ನಿಮ್ಮಲ್ಲಿ ಒಬ್ಬರ ಹತ್ತಿರ ಇರಲಿ, ಇನ್ನೊಂದು ಮುಂದಿನ ವರ್ಷವೂ ಡೊಂಬಿವಲಿಯಲ್ಲೇ ಇರುವ ಯಾರಾದರೂ ದೊಡ್ಡವರ ಹತ್ತಿರ.